ಮಗಳು ಮುದ್ದೆ ಬಿಟ್ಟಿದ್ದಾಳೆ, ಫೋನ್ ಕಿತ್ತುಕೊಳ್ಳಲಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಆಲೂರಿನ ಹತ್ತಿರದ ಹಳ್ಳಿ. ಮಕ್ಕಳ ಓದಿಗೆಂದು ಹಾಸನದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೇವೆ. ಯಜಮಾನರು ತೋಟ ನೋಡಿಕೊಂಡು ಊರಲ್ಲೇ ಇರುತ್ತಾರೆ, ವಾರಕ್ಕೊಮ್ಮೆ ಬರುತ್ತಾರೆ. ಮಗಳಿಗೆ 15 ವರ್ಷ, ಹತ್ತನೇ ಕ್ಲಾಸು. ಮೊದಲು ಸ್ವಲ್ಪ ಗುಂಡಗೆ ಇದ್ದಳು, ಮನೆಯವರೆಲ್ಲ ತಮಾಷೆ ಮಾಡುತ್ತಿದ್ದೆವು. ಆರು ತಿಂಗಳಿಂದ ಮುದ್ದೆ, ಅನ್ನ ಎರಡೂ ಬಿಟ್ಟಿದ್ದಾಳೆ. ಬರೀ ಸೌತೆಕಾಯಿ, ಗ್ರೀನ್ ಟೀ. ರಾತ್ರಿ ಹನ್ನೆರಡರವರೆಗೂ ರೀಲ್ಸ್ ನೋಡುತ್ತಾಳೆ. ತನ್ನ ಫೋಟೊ ಹಾಕುತ್ತಾಳೆ, ಲೈಕ್ ಕಮ್ಮಿ ಬಂದರೆ ತೆಗೆದುಬಿಡುತ್ತಾಳೆ, ಆಮೇಲೆ ಅಳುತ್ತಾಳೆ. ಬೆಳ್ಳಗಾಗುತ್ತೆ ಅಂತ ಯಾವುದೋ ಕ್ರೀಮನ್ನು ಕೊರಿಯರ್‌ನಲ್ಲಿ ತರಿಸಿಕೊಂಡಿದ್ದಾಳೆ. ಮಗನಿಗೆ 17, ಸೆಕೆಂಡ್ ಪಿಯುಸಿ. ಅವನಿಗೆ ಜಿಮ್ ಹುಚ್ಚು. ಪ್ರೋಟೀನ್ ಪೌಡರಿಗೆ ದುಡ್ಡು ಕೊಡು ಅಂತ ದಿನಾ ಗಲಾಟೆ. ಇಬ್ಬರ ಫೋನನ್ನೂ ಕಿತ್ತುಕೊಂಡು ಬೀರುವಿನಲ್ಲಿ ಇಟ್ಟುಬಿಡಲಾ? ಮಗಳಿಗೆ ಎರಡು ತಿಂಗಳಿಂದ ಮುಟ್ಟೂ ಆಗಿಲ್ಲ. ಪರೀಕ್ಷೆಯ ಟೆನ್ಷನ್ ಇರಬಹುದು ಅಂತ ಸುಮ್ಮನಿದ್ದೇನೆ.
ಒಬ್ಬ ತಾಯಿ, ಹಾಸನ

ಉತ್ತರ: ನಿಮ್ಮ ಪತ್ರದಲ್ಲಿ ಕೊನೆಗೆ ಬಂದ ಮಾತನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ. ಆರು ತಿಂಗಳಿಂದ ಊಟ ಬಿಟ್ಟಿರುವ ಹುಡುಗಿಗೆ ಎರಡು ತಿಂಗಳಿಂದ ಮುಟ್ಟಾಗಿಲ್ಲ ಅಂದರೆ ಪರೀಕ್ಷೆಯ ಮೇಲೆ ಹಾಕಿ ಕೂರಬೇಡಿ. ಈ ವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮೈಗೆ ಬೇಕಾದಷ್ಟು ಊಟ ಸಿಗದಿದ್ದಾಗ ಮೆದುಳು ಬೇಗ ನಿಲ್ಲಿಸುವ ಕೆಲಸಗಳಲ್ಲಿ ಮುಟ್ಟೂ ಒಂದು. ಆಗ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನು ಇಳಿಯುತ್ತದೆ, ಮೂಳೆ ಗಟ್ಟಿಯಾಗುವುದು ನಿಧಾನವಾಗುತ್ತದೆ. ಹುಡುಗಿಯರ ಮೂಳೆಯ ಗಟ್ಟಿತನದಲ್ಲಿ ಹೆಚ್ಚುಕಡಿಮೆ ಶೇ 90ರಷ್ಟು 18 ವರ್ಷದ ಹೊತ್ತಿಗೆ ಕೂಡಿಕೊಂಡಿರುತ್ತದೆ. ಈಗ ಕಳೆದುಕೊಂಡರೆ ಮುಂದೆ ತುಂಬಿಸಿಕೊಳ್ಳುವುದು ಕಷ್ಟ.

ಥೈರಾಯ್ಡ್ ಅಥವಾ ಪಿಸಿಒಡಿ ಎಂಬ ಅಂಡಾಶಯದ ತೊಂದರೆ ಕೂಡ ಕಾರಣ ಇರಬಹುದು. ಪತ್ರ ಓದಿ ಅದನ್ನು ಹೇಳಲು ಆಗುವುದಿಲ್ಲ. ತೂಕ, ಎತ್ತರ, ಬಿಪಿ, ನಾಡಿ, ಹಿಮೋಗ್ಲೋಬಿನ್, ಥೈರಾಯ್ಡ್ ಇಷ್ಟನ್ನು ನೋಡಿಸಿ. ರಕ್ತ ಕಮ್ಮಿ ಇರುವುದು ನಮ್ಮ ಹುಡುಗಿಯರಲ್ಲಿ ಮೊದಲೇ ಜಾಸ್ತಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆ ಇತ್ತು. ಅದರ ಮೇಲೆ ಊಟವನ್ನೂ ಬಿಟ್ಟರೆ ಹೇಗೆ? ಯಾಕೆ ಆಸ್ಪತ್ರೆ ಅಂತ ಮಗಳು ಕೇಳಿದರೆ ಮುಟ್ಟಿನ ವಿಷಯಕ್ಕೆ ಅಂತಲೇ ಹೇಳಿ. ಅದು ಸುಳ್ಳಲ್ಲವಲ್ಲ. ಒಳಗೆ ಹೋದ ಮೇಲೆ ಸ್ವಲ್ಪ ಹೊತ್ತು ನೀವು ಹೊರಗೆ ಕೂತು, ಅವಳೊಬ್ಬಳೇ ಡಾಕ್ಟರ ಜೊತೆ ಮಾತಾಡಲು ಬಿಡಿ. ತಾಯಿ ಎದುರಿಗಿದ್ದರೆ ಹೊರಗೆ ಬಾರದ ಮಾತು ಎಷ್ಟೋ ಇರುತ್ತವೆ.

ಇನ್ನು ಫೋನಿನ ವಿಷಯ. ಬೀರುವಿನಲ್ಲಿ ಇಡಬೇಡಿ. ಇಟ್ಟರೆ ಅವಳು ಗೆಳತಿಯ ಫೋನಿನಲ್ಲಿ ನೋಡುತ್ತಾಳೆ, ನಿಮ್ಮ ಹತ್ತಿರ ಹೇಳುವುದನ್ನು ನಿಲ್ಲಿಸುತ್ತಾಳೆ. ಈಗ ಕಡೇ ಪಕ್ಷ ನಿಮ್ಮ ಕಣ್ಣೆದುರೇ ಅಳುತ್ತಾಳಲ್ಲ, ಆ ದಾರಿಯೂ ಮುಚ್ಚಿಹೋಗುತ್ತದೆ. ಹೆತ್ತವರು ನನ್ನ ಹತ್ತಿರ ಬಂದು ಮೊದಲು ಹೇಳುವುದು ಗಂಟೆಯ ಲೆಕ್ಕ. ನಾಲ್ಕು ಗಂಟೆ ನೋಡ್ತಾನೆ, ಐದು ಗಂಟೆ ನೋಡ್ತಾಳೆ ಅಂತ. ಲೆಕ್ಕ ಬೇಡ ಅನ್ನುವುದಿಲ್ಲ. ಆದರೆ ನಾನು ಕೇಳುವ ಪ್ರಶ್ನೆ ಬೇರೆ. ಫೋನ್ ಕೆಳಗಿಟ್ಟ ಮೇಲೆ ಮಗು ಏನು ಮಾಡುತ್ತದೆ? ತಟ್ಟೆ ಪಕ್ಕಕ್ಕೆ ಸರಿಸುತ್ತದೆಯಾ? ಕನ್ನಡಿ ಮುಂದೆ ನಿಂತು ಹೊಟ್ಟೆ ಹಿಡಿದು ನೋಡಿಕೊಳ್ಳುತ್ತದೆಯಾ? ನಿದ್ದೆ ಬರುತ್ತದೆಯಾ? ಇಲ್ಲ, ನಕ್ಕು ಫೋನ್ ಇಟ್ಟು ಮುಂದಿನ ಕೆಲಸಕ್ಕೆ ಹೋಗುತ್ತದೆಯಾ? ಎರಡು ಗಂಟೆ ಕ್ರಿಕೆಟ್ ಕ್ಲಿಪ್ ನೋಡಿ ಉಂಡು ಮಲಗುವ ಹುಡುಗನಿಗಿಂತ, ಇಪ್ಪತ್ತು ನಿಮಿಷ ಸಣ್ಣ ಸೊಂಟದ ರೀಲ್ ನೋಡಿ ಊಟ ಬಿಡುವ ಹುಡುಗಿಯ ಬಗ್ಗೆ ನನಗೆ ಜಾಸ್ತಿ ಚಿಂತೆ.

ನಮ್ಮ ಪಕ್ಕದ ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸಲಹೆ ಕೊಡುವ ಸರ್ಕಾರದ ಮುಖ್ಯ ವೈದ್ಯ ಆಗಿದ್ದಾಗ, 2023ರ ಮೇ ತಿಂಗಳಲ್ಲಿ ಈ ವಿಷಯಕ್ಕೇ ಒಂದು ಎಚ್ಚರಿಕೆ ಹೊರಡಿಸಿದರು. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಸೋಷಿಯಲ್ ಮೀಡಿಯಾದಲ್ಲಿರುವ ಮಕ್ಕಳಲ್ಲಿ ಮನಸ್ಸಿನ ತೊಂದರೆಯ ಸಾಧ್ಯತೆ ಎರಡು ಪಟ್ಟು ಎಂದು ಅದರಲ್ಲಿತ್ತು. ಪೇಪರುಗಳು ಆ ಮೂರು ಗಂಟೆಯನ್ನೇ ಹಿಡಿದುಕೊಂಡವು. ಆದರೆ ಬೇಜಾರಿನಲ್ಲಿರುವ ಮಗುವೇ ಫೋನಿಗೆ ಜಾಸ್ತಿ ಅಂಟಿಕೊಳ್ಳುತ್ತದೆ ಅನ್ನುವುದೂ ಅಷ್ಟೇ ನಿಜ. ಯಾವುದು ಮೊದಲು, ಯಾವುದು ಆಮೇಲೆ ಅಂತ ಬಿಡಿಸಿ ಹೇಳುವುದು ಸುಲಭವಲ್ಲ.

ಹಾಗಾದರೆ ಪರದೆಗೂ ತಟ್ಟೆಗೂ ಸಂಬಂಧ ಇಲ್ಲವಾ? ಇದೆ. ಅದನ್ನು ಚೆನ್ನಾಗಿ ತೋರಿಸಿದ್ದು ಫಿಜಿ ದ್ವೀಪದ ಒಂದು ಅಧ್ಯಯನ. ಅಲ್ಲಿನ ನಡ್ರೋಗಾ ಪ್ರಾಂತ್ಯಕ್ಕೆ ಟಿವಿ ಬಂದದ್ದು 1995ರಲ್ಲಿ. ಅಲ್ಲಿ ಮೈ ತುಂಬಿಕೊಂಡಿರುವುದೇ ಚೆಂದ ಅನ್ನುತ್ತಿದ್ದರು. ಯಾರಾದರೂ ಸಣ್ಣಗಾದರೆ ಪಾಪ, ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲವೇನೋ ಎಂದು ಮರುಗುತ್ತಿದ್ದರು. ನಮ್ಮ ಅಜ್ಜಿಯರೂ ಹಾಗೇ ಅಲ್ವಾ? ಅಮೆರಿಕದ ಆನ್ ಬೆಕರ್ ಎಂಬ ಮನೋವೈದ್ಯೆ ಟಿವಿ ಬಂದ ಹೊಸತರಲ್ಲಿ ಅಲ್ಲಿನ ಹೈಸ್ಕೂಲು ಹುಡುಗಿಯರನ್ನು ಮಾತಾಡಿಸಿದರು. ಮತ್ತೆ 1998ರಲ್ಲಿ ಅದೇ ವಯಸ್ಸಿನ ಹುಡುಗಿಯರನ್ನು ಮಾತಾಡಿಸಿದರು. ಊಟದ ವಿಷಯದಲ್ಲಿ ಚಿಂತಿಸಬೇಕಾದ ಲಕ್ಷಣ ಇದ್ದವರು ಶೇ 12.7ರಿಂದ ಶೇ 29.2ಕ್ಕೆ ಏರಿದ್ದರು. ತೂಕ ಇಳಿಸಲು ಉಂಡದ್ದನ್ನು ವಾಂತಿ ಮಾಡಿಕೊಳ್ಳುವವರು ಮೊದಲು ಒಬ್ಬರೂ ಇರಲಿಲ್ಲ. ಮೂರು ವರ್ಷದಲ್ಲಿ ಶೇ 11.3 ಆಗಿದ್ದರು. ಆಗ ಫೋನಿಲ್ಲ, ಫಿಲ್ಟರ್ ಇಲ್ಲ. ಬರೀ ಟಿವಿ ಧಾರಾವಾಹಿ, ಜಾಹೀರಾತು.

ಟಿವಿಗೂ ಇವತ್ತಿನ ಫೋನಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಮನುಷ್ಯ ತನ್ನನ್ನು ಅಳೆದುಕೊಳ್ಳುವುದು ತನ್ನಂಥವರ ಜೊತೆಗೇ ಎಂದು ಲಿಯಾನ್ ಫೆಸ್ಟಿಂಜರ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲೇ ಹೇಳಿದ್ದರು. ಸಿನಿಮಾ ನಟಿ ಎಷ್ಟೇ ಚೆಂದ ಇದ್ದರೂ ಅವಳು ಬೇರೆ ಲೋಕದವಳು ಅಂತ ಹುಡುಗಿಗೆ ಗೊತ್ತಿರುತ್ತದೆ. ಪಕ್ಕದ ಸೆಕ್ಷನ್ ಹುಡುಗಿ ಹಾಸನದ ಹತ್ತಿರದ ಶೆಟ್ಟಿಹಳ್ಳಿಯ ಪಾಳುಬಿದ್ದ ಹಳೇ ಚರ್ಚಿನ ಮುಂದೆ ನಿಂತು ರೀಲ್ ಹಾಕಿದರೆ ಹಾಗಲ್ಲ. ಅವಳೂ ಅದೇ ಟ್ಯೂಷನ್ನಿಗೆ ಬರುತ್ತಾಳೆ, ಅದೇ ಯೂನಿಫಾರ್ಮ್ ಹಾಕುತ್ತಾಳೆ. ಅವಳು ಹೀಗಿದ್ದಾಳೆ, ನಾನು ಯಾಕೆ ಹೀಗಿಲ್ಲ? ಆ ರೀಲಿಗೆ ಎಷ್ಟು ಸಲ ಶೂಟ್ ಮಾಡಿದರು, ಯಾವ ಫಿಲ್ಟರ್ ಹಾಕಿದರು, ಎಷ್ಟನ್ನು ಡಿಲೀಟ್ ಮಾಡಿದರು ಎಂದು ರೀಲಿನಲ್ಲಿ ಬರೆದಿರುವುದಿಲ್ಲ. ಶೆಟ್ಟಿಹಳ್ಳಿಗೆ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ, ಸುಮ್ನೆ ಒಂದು ಕಡೆ ಕೂತು ಅಲ್ಲಿ ಬರುವವರನ್ನು ನೋಡಿ. ಒಂದೇ ನಡಿಗೆಯನ್ನು ಎಷ್ಟು ಸಲ ನಡೆಯುತ್ತಾರೆ ಅಂತ ಮಕ್ಕಳೇ ಎಣಿಸುತ್ತಾರೆ.

ಇನ್ನೊಂದನ್ನು ಮನೆಯಲ್ಲೇ ಮಾಡಿ ನೋಡಬಹುದು. ಮಗಳ ಮುಖದ ಫೋಟೊ ಒಂದಡಿ ದೂರದಿಂದ ತೆಗೆಯಿರಿ. ಆಮೇಲೆ ಐದಡಿ ಹಿಂದೆ ಸರಿದು ಇನ್ನೊಂದು ತೆಗೆದು, ಜೂಮ್ ಮಾಡಿ ಮುಖ ಒಂದೇ ಅಳತೆಗೆ ತನ್ನಿ. ಎರಡರಲ್ಲೂ ಮೂಗು ಬೇರೆ ಬೇರೆ. 12 ಇಂಚು ದೂರದ ಸೆಲ್ಫಿಯಲ್ಲಿ ಮೂಗು ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು ಅಮೆರಿಕದ ವೈದ್ಯರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಕ್ಯಾಮೆರಾಕ್ಕೆ ಹತ್ತಿರ ಇರುವುದು ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಮೂಗು ದಪ್ಪ ಅಂತ ಕೊರಗುವ ಮಕ್ಕಳಿಗೆ ನನ್ನ ಹತ್ತು ನಿಮಿಷದ ಮಾತಿಗಿಂತ ಈ ಎರಡು ಫೋಟೊ ಜಾಸ್ತಿ ಕೆಲಸ ಮಾಡುತ್ತವೆ.

ಆಪ್‌ಗಳು ಕೆಲಸ ಮಾಡುವ ರೀತಿಯೂ ನಿಮಗೆ ಗೊತ್ತಿರಲಿ. ಮಗಳು ಯಾವುದಕ್ಕೆ ಲೈಕ್ ಕೊಟ್ಟಳು ಅನ್ನುವುದಷ್ಟೇ ಅಲ್ಲ, ಯಾವುದರ ಮೇಲೆ ಬೆರಳು ನಿಂತಿತು, ಯಾವುದನ್ನು ಎರಡು ಸಲ ನೋಡಿದಳು ಎಂಬುದನ್ನೂ ಅದು ಲೆಕ್ಕ ಇಡುತ್ತದೆ. ಹೊಟ್ಟೆ ಕರಗಿಸುವ ವಿಡಿಯೋವನ್ನು ಒಂದು ಸಲ ಪೂರ್ತಿ ನೋಡಿದರೆ ಅಂಥದ್ದೇ ಹತ್ತು ಬರುತ್ತವೆ. ಸ್ವಲ್ಪ ದಿನ ಹೋದರೆ ಲೋಕದಲ್ಲಿ ಎಲ್ಲರೂ ಸಣ್ಣಗಾಗುತ್ತಿದ್ದಾರೆ, ನಾನೊಬ್ಬಳೇ ಹೀಗೆ ಅನ್ನಿಸುತ್ತದೆ. ಇದು ಮಕ್ಕಳಿಗೆ ಮಾತ್ರ ಆಗುವುದಲ್ಲ. 2025ರ ಜೂನ್, ಜುಲೈನಲ್ಲಿ ನಮ್ಮ ಹಾಸನದಲ್ಲಿ ಏನಾಯಿತು ನೆನಪಿದೆಯಲ್ಲ? ಹೃದಯಾಘಾತದ ಸುದ್ದಿ, ಸಿಸಿಟಿವಿ ಕ್ಲಿಪ್ ದಿನವಿಡೀ ಓಡಿದವು. ಆರೋಗ್ಯವಾಗಿದ್ದವರೂ ಎದೆ ಹಿಡಿದುಕೊಂಡು ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ಆಮೇಲೆ ಸರ್ಕಾರದ ತಜ್ಞರ ಸಮಿತಿ ಲೆಕ್ಕ ನೋಡಿ, ಜಿಲ್ಲೆಯಲ್ಲಿ ಸಾವುಗಳು ಅಸಹಜವಾಗಿ ಏರಿಲ್ಲ ಎಂದಿತು. ದೊಡ್ಡವರೇ ಪರದೆ ನೋಡಿ ತಮ್ಮ ಮೈಯನ್ನು ಅನುಮಾನಿಸಿದರು. ಇನ್ನು ಹದಿನೈದರ ಹುಡುಗಿ ದಿನಾ ರಾತ್ರಿ ಸೊಂಟದ ವಿಡಿಯೋ ನೋಡಿದರೆ?

2021ರಲ್ಲಿ ಫೇಸ್‌ಬುಕ್ ಕಂಪನಿಯ ಒಳಗಿನ ಕಾಗದಗಳು ಹೊರಬಿದ್ದವು. ಇನ್‌ಸ್ಟಾಗ್ರಾಮ್ ಕೂಡ ಅದೇ ಕಂಪನಿಯದು. ಫ್ರಾನ್ಸಿಸ್ ಹೌಗೆನ್ ಎಂಬ ಮಾಜಿ ಉದ್ಯೋಗಿ ಅವನ್ನು ಹೊರಗೆ ತಂದಿದ್ದರು. ಹದಿಹರೆಯದ ಹುಡುಗಿಯರಲ್ಲಿ ಮೂವರಲ್ಲಿ ಒಬ್ಬಳಿಗೆ ಮೈಯ ಬಗೆಗಿನ ಕೊರಗು ಇನ್‌ಸ್ಟಾಗ್ರಾಮ್‌ನಿಂದ ಹೆಚ್ಚುತ್ತಿದೆ ಎಂದು ಕಂಪನಿಯವರೇ ಬರೆದುಕೊಂಡಿದ್ದರು. ಆ ಲೆಕ್ಕ ಮೊದಲೇ ಕೊರಗು ಇದ್ದ ಹುಡುಗಿಯರದ್ದು ಮಾತ್ರ ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ನನಗೆ ಆ ಸಮಜಾಯಿಷಿಯೇ ಹೆಚ್ಚು ಕಳವಳದ್ದು. ಮೊದಲೇ ಕೊರಗು ಇದ್ದವಳಿಗೇ ಅಲ್ವಾ ಪೆಟ್ಟು ಬೀಳುವುದು.

ಆ ಮೊದಲ ಕೊರಗು ಎಲ್ಲಿಂದ ಬರುತ್ತದೆ? ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಪತ್ರದಲ್ಲೇ ಒಂದು ಸಾಲಿದೆ. ಗುಂಡಗೆ ಇದ್ದಳು, ತಮಾಷೆ ಮಾಡುತ್ತಿದ್ದೆವು ಅಂತ. ಎಲ್ಲರ ಮನೆಯಲ್ಲೂ ಇದು ಇದೆ. ಮದುವೆಮನೆಯಲ್ಲಿ ಚಿಕ್ಕಮ್ಮ ಕೆನ್ನೆ ಹಿಂಡಿ, ಏನೇ ಇಷ್ಟು ದಪ್ಪ ಆಗಿದ್ದೀಯ ಅನ್ನುತ್ತಾರೆ. ಬಿಸಿಲಲ್ಲಿ ಆಡಿ ಬಂದವಳಿಗೆ ಅಜ್ಜಿ, ಕಪ್ಪಗಾದರೆ ಯಾರು ಮದುವೆ ಆಗ್ತಾರೆ ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಹುಡುಗಿ ನಗುತ್ತಾಳೆ, ಆಮೇಲೆ ರೂಮಿಗೆ ಹೋಗಿ ಫೋನಿನಲ್ಲಿ ಅದಕ್ಕೆ ಮದ್ದು ಹುಡುಕುತ್ತಾಳೆ. ಹಾಗಾಗಿ ಮನೆಯಲ್ಲಿ ಇವತ್ತಿನಿಂದಲೇ ಯಾರ ಮೈ, ಬಣ್ಣದ ಬಗ್ಗೆಯೂ ಮಾತಿಲ್ಲ. ಸಣ್ಣಗಾಗಿದ್ದಾಳೆ, ಚೆನ್ನಾಗಿ ಕಾಣ್ತಾಳೆ ಅಂತ ಹೊಗಳುವುದೂ ಬೇಡ. ಅವಳು ಈಗ ಆ ಹೊಗಳಿಕೆಗೇ ಊಟ ಬಿಟ್ಟಿರಬಹುದು. ನೀವು ಕೂಡ ಕನ್ನಡಿ ಮುಂದೆ ನಿಂತು, ನನಗೆ ಹೊಟ್ಟೆ ಬಂದುಬಿಟ್ಟಿದೆ ಅಂತ ಗೊಣಗುತ್ತೀರಾ? ಅದನ್ನೂ ಬಿಡಿ.

ಅವಳಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ಮೈನೆರೆಯುವ ವರ್ಷಗಳಲ್ಲಿ ಹುಡುಗಿಯರ ತೊಡೆ, ಸೊಂಟದಲ್ಲಿ ಕೊಬ್ಬು ಕೂಡಬೇಕು. ಮೈ ಅದನ್ನು ತಾನಾಗಿಯೇ ಕೂಡಿಸುತ್ತದೆ. ಎಲ್ಲರಿಗೂ ಒಂದೇ ವರ್ಷಕ್ಕೆ ಆಗುವುದಿಲ್ಲ, ಒಂದೇ ಅಳತೆಗೂ ಬರುವುದಿಲ್ಲ. ಒಂದೇ ಬೆಂಚಿನ ನಾಲ್ವರು ಹುಡುಗಿಯರು ನಾಲ್ಕು ತರ ಇರುವುದು ಅದಕ್ಕೇ. ರೀಲಿನಲ್ಲಿ ಡಯಟ್ ಹೇಳುವವರು ಇದನ್ನು ಹೇಳುವುದಿಲ್ಲ. ಹೇಳಿದರೆ ಗ್ರೀನ್ ಟೀ ಖರ್ಚಾಗುವುದು ಹೇಗೆ?

ಊಟವನ್ನು ಯುದ್ಧ ಮಾಡಬೇಡಿ. ಮುದ್ದೆ ತಿನ್ನಲೇಬೇಕು ಎಂದು ಕೂರಿಸಿದರೆ ಅದೇ ದೊಡ್ಡ ಜಗಳ ಆಗುತ್ತದೆ. ಅಕ್ಕಿರೊಟ್ಟಿಯೋ, ಕಡುಬೋ, ಮೊಳಕೆ ಹುರುಳಿ ಸಾರೋ, ಅವಳಿಗೆ ಹಿಂದೆ ಇಷ್ಟ ಇದ್ದದ್ದು ಮಾಡಿ. ದಿನಕ್ಕೆ ಒಂದು ಹೊತ್ತಾದರೂ ಮೂವರೂ ಒಟ್ಟಿಗೆ ಕೂತು ತಿನ್ನಿ, ಫೋನ್ ಇನ್ನೊಂದು ರೂಮಿನಲ್ಲಿರಲಿ. ತಟ್ಟೆಯನ್ನು ನೋಡುತ್ತಾ ಕೂರಬೇಡಿ, ಬೇರೆ ಏನಾದರೂ ಮಾತಾಡಿ.

ಕ್ರೀಮಿನ ವಿಷಯಕ್ಕೆ ಅರ್ಜೆಂಟ್ ಇದೆ. ಊಟದ ಹಾಗೆ ನಿಧಾನ ಮಾಡಬೇಡಿ. 1975ರಿಂದ ಮಾರುತ್ತಿದ್ದ ಫೇರ್ ಅಂಡ್ ಲವ್ಲಿ 2020ರಲ್ಲಿ ಫೇರ್ ಅನ್ನುವುದನ್ನು ತೆಗೆದು ಗ್ಲೋ ಅಂಡ್ ಲವ್ಲಿ ಆಯಿತು. ಅಂಗಡಿಯ ಕ್ರೀಮುಗಳ ಜಾಹೀರಾತಿಗೆ ಈಗ ಒಂದಿಷ್ಟು ಕಡಿವಾಣ ಇದೆ. ಆನ್‌ಲೈನಿನಲ್ಲಿ ಕೊರಿಯರ್ ಬರುವುದಕ್ಕೆ ಅದೂ ಸರಿಯಾಗಿ ತಟ್ಟುವುದಿಲ್ಲ. ಅಂಥ ಕೆಲವು ಕ್ರೀಮುಗಳಲ್ಲಿ ಜೋರಾದ ಸ್ಟೆರಾಯ್ಡ್ ಇರುತ್ತದೆ. ಹಚ್ಚಿದ ಒಂದೆರಡು ವಾರಕ್ಕೆ ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗುತ್ತದೆ, ಕೆಂಪಾಗುತ್ತದೆ, ಮೊಡವೆ, ಕೂದಲು ಬರುತ್ತವೆ. ಬಿಟ್ಟರೆ ಇನ್ನೂ ಉರಿ, ಅದಕ್ಕೆ ಮತ್ತೆ ಹಚ್ಚುತ್ತಾರೆ. ಇಂಥ ಸ್ಟೆರಾಯ್ಡ್ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು 2018ರಲ್ಲೇ ನಿಯಮ ಬಿಗಿ ಮಾಡಿದ್ದಾರೆ. ಇನ್ನು ಕೆಲವದರಲ್ಲಿ ಕಿಡ್ನಿಯನ್ನೇ ಕೆಡಿಸುವ ಪಾದರಸ ಇರುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಕಿಡ್ನಿ ತೊಂದರೆ ಎಂದು ಬಂದವರನ್ನು ವಿಚಾರಿಸಿದಾಗ, ಹಲವರು ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದದ್ದು ಗೊತ್ತಾಯಿತು. ಅವರಲ್ಲಿ ಹದಿಹರೆಯದವರೂ ಇದ್ದರು. ಟ್ಯೂಬಿನ ಮೇಲೆ ತಯಾರಿಸಿದವರ ವಿಳಾಸ, ಬ್ಯಾಚ್ ನಂಬರ್, ಏನೇನು ಹಾಕಿದ್ದಾರೆ ಎಂಬ ಪಟ್ಟಿ ಇದೆಯಾ ನೋಡಿ. ಇಲ್ಲದಿದ್ದರೆ ಆ ಟ್ಯೂಬನ್ನೇ ಹಿಡಿದುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋಗಿ. ಮೂತ್ರ ಪರೀಕ್ಷೆ ಮಾಡಿಸಬೇಕಾ ಎಂದೂ ಕೇಳಿ. ಬೈಯಬೇಡಿ. ಬೈದರೆ ಮುಂದಿನ ಪಾರ್ಸೆಲ್ ಗೆಳತಿಯ ಮನೆಗೆ ಹೋಗುತ್ತದೆ.

ಮಗನ ವಿಷಯ ಇಷ್ಟು ಗಂಭೀರ ಅಲ್ಲ. ಅವನು ಉಣ್ಣುತ್ತಾನೆ, ಮಲಗುತ್ತಾನೆ, ಕಾಲೇಜಿಗೆ ಹೋಗುತ್ತಾನೆ ಅಂದರೆ ಜಿಮ್ಮಿಗೆ ಹೋಗಲಿ ಬಿಡಿ. ತಂಗಿಗೂ ಅವನಿಗೂ ಒಂದೇ ಶಿಕ್ಷೆ ಬೇಡ. ಪೌಡರಿಗೆ ಮಾತ್ರ ದುಡ್ಡು ಕೊಡಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಸೂತ್ರಗಳಲ್ಲೇ ಮೈ ಬೆಳೆಸಲು ಇಂಥ ಪೌಡರ್ ಬೇಡ ಎಂದಿದೆ. ಅದೇ ವರ್ಷ ನಮ್ಮ ದೇಶದಲ್ಲಿ ಮಾರುವ 36 ಪೌಡರುಗಳನ್ನು ಪರೀಕ್ಷೆ ಮಾಡಿದಾಗ, ಸುಮಾರು ಶೇ 70ರಷ್ಟರಲ್ಲಿ ಡಬ್ಬದ ಮೇಲೆ ಬರೆದ ಪ್ರೋಟೀನಿಗೂ ಒಳಗಿದ್ದದ್ದಕ್ಕೂ ತಾಳೆ ಇರಲಿಲ್ಲ. ಅವನ ವಯಸ್ಸಿಗೆ ದಿನಕ್ಕೆ ಸುಮಾರು 55 ಗ್ರಾಂ ಪ್ರೋಟೀನ್ ಸಾಕು. ಎರಡು ಮೊಟ್ಟೆಯಲ್ಲಿ 12 ಗ್ರಾಂ. 50 ಗ್ರಾಂ ಹುರುಳಿಯಲ್ಲಿ 11. ಒಂದು ದೊಡ್ಡ ಲೋಟ ಹಾಲಿನಲ್ಲಿ 8. ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7. ಉಳಿದದ್ದು ಮುದ್ದೆ, ಅನ್ನದಿಂದಲೇ ಬರುತ್ತದೆ. ಈ ಲೆಕ್ಕ ಅವನ ಕೈಲೇ ಹಾಕಿಸಿ. ಹುಡುಗರಿಗೆ ಮಾಂಸಖಂಡ ತುಂಬುವುದು ಹದಿನೆಂಟು, ಇಪ್ಪತ್ತರ ಹೊತ್ತಿಗೆ. ಅವನು ನೋಡುವ ವಿಡಿಯೋದವನಿಗೆ ವಯಸ್ಸು ಎಷ್ಟೋ, ಏನು ಚುಚ್ಚಿಸಿಕೊಂಡಿದ್ದಾನೋ. ಜಿಮ್ಮಿನಲ್ಲಿ ಯಾರಾದರೂ ಇಂಜೆಕ್ಷನ್ ಮಾತು ಎತ್ತಿದರೆ ನನಗೆ ಹೇಳು ಅಂತ ಈಗಲೇ ಹೇಳಿಟ್ಟಿರಿ.

ಫೋನಿಗೆ ಏನು ನಿಯಮ ಅಂತ ಕೇಳಿದರೆ, ಒಂದನ್ನು ಮಾತ್ರ ಗಟ್ಟಿಯಾಗಿ ಹಿಡಿಯಿರಿ. ರಾತ್ರಿ ಹತ್ತಕ್ಕೆ ಮನೆಯ ಎಲ್ಲ ಫೋನೂ ಹಾಲ್‌ನಲ್ಲಿ ಚಾರ್ಜಿಗೆ. ನಿಮ್ಮದೂ ಸೇರಿ. ವಾರಕ್ಕೊಮ್ಮೆ ಬರುವ ಯಜಮಾನರದೂ ಸೇರಿ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹೋಲಿಕೆ ಜಾಸ್ತಿ ಚುಚ್ಚುವುದೂ ರಾತ್ರಿ ಒಬ್ಬಳೇ ಮಲಗಿ ನೋಡುವಾಗಲೇ. ಇನ್‌ಸ್ಟಾಗ್ರಾಮ್‌ನಲ್ಲಿ ಹದಿಹರೆಯದವರ ಖಾತೆ ಎಂದು ಬೇರೆ ವ್ಯವಸ್ಥೆ ಇದೆ. 2025ರ ಫೆಬ್ರುವರಿಯಿಂದ ನಮ್ಮ ದೇಶಕ್ಕೂ ಬಂದಿದೆ. ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ನೋಟಿಫಿಕೇಶನ್ ಬರುವುದಿಲ್ಲ, 16ರೊಳಗಿನವರು ಸೆಟ್ಟಿಂಗ್ ಸಡಿಲ ಮಾಡಬೇಕಾದರೆ ಹೆತ್ತವರು ಒಪ್ಪಬೇಕು. ಆದರೆ ಖಾತೆ ತೆರೆಯುವಾಗ ನಿಜವಾದ ಹುಟ್ಟಿದ ವರ್ಷ ಕೊಟ್ಟಿರಬೇಕು. ಅರ್ಧ ಮಕ್ಕಳು ಅಲ್ಲೇ ಇಪ್ಪತ್ತು ವರ್ಷ ಆಗಿಬಿಟ್ಟಿರುತ್ತಾರೆ! ಬರುವ ವಿಡಿಯೋಗಳನ್ನು ಅಳಿಸಿ ಹೊಸದಾಗಿ ಶುರು ಮಾಡುವ ರೀಸೆಟ್ ಕೂಡ ಸೆಟ್ಟಿಂಗಿನಲ್ಲಿದೆ. ಅದನ್ನು ನೀವು ಮಾಡಬೇಡಿ. ಅವಳೇ ಮಾಡಲಿ, ನೀವು ಪಕ್ಕದಲ್ಲಿ ಕೂತಿರಿ.

ಹಾಗೆ ಕೂತಾಗ ಪಾಠ ಮಾಡಬೇಡಿ. ನಿನಗೆ ಬರೋದೆಲ್ಲ ಏನು, ನನಗೂ ತೋರಿಸು ಅನ್ನಿ. ಇದನ್ನು ನೋಡಿದ ಮೇಲೆ ನಿನಗೆ ಹೇಗನ್ನಿಸುತ್ತೆ ಅಂತ ಒಂದು ಸಲ ಕೇಳಿ, ಸುಮ್ಮನಿರಿ. ಅವಳು ಉತ್ತರ ಕೊಡದಿದ್ದರೂ ಪರವಾಗಿಲ್ಲ. ಯಾವ ವಿಡಿಯೋಗೆ ಕಂಪನಿಯವರು ದುಡ್ಡು ಕೊಟ್ಟಿದ್ದಾರೆ ಅಂತ ಇಬ್ಬರೂ ಹುಡುಕಿ ನೋಡಿ. ದುಡ್ಡು ತಗೊಂಡು ಮಾಡಿದ ವಿಡಿಯೋದಲ್ಲಿ ಜಾಹೀರಾತು ಎಂದು ಹಾಕಬೇಕು ಎಂಬ ನಿಯಮವನ್ನು ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ತಂದಿದೆ. ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ. ದೊಡ್ಡವರು ತಮ್ಮನ್ನು ಯಾಮಾರಿಸಿ ದುಡ್ಡು ಮಾಡುತ್ತಿದ್ದಾರೆ ಅಂತ ಗೊತ್ತಾದರೆ ಈ ವಯಸ್ಸಿನವರಿಗೆ ಸಿಟ್ಟು ಬರುತ್ತದೆ. ಆ ಸಿಟ್ಟು ಒಳ್ಳೆಯದು.

ಕೆಲವು ಲಕ್ಷಣ ಕಂಡರೆ ಮಾತ್ರ ಮನೆಮದ್ದು, ಮಾತುಕತೆ ಅಂತ ಕಾಯಬಾರದು. ಊಟ ಆದ ತಕ್ಷಣ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಳ್ಳುವುದು, ತಲೆ ಸುತ್ತಿ ಬೀಳುವುದು, ಬೇಸಿಗೆಯಲ್ಲೂ ಚಳಿ ಅನ್ನುವುದು, ಕೈ ಮೇಲೆ ಗೀರಿದ ಗುರುತು, ನಾನು ಇರಬಾರದಿತ್ತು ಅನ್ನುವ ಮಾತು. ಇವುಗಳಲ್ಲಿ ಒಂದು ಇದ್ದರೂ ಅದೇ ದಿನ ಆಸ್ಪತ್ರೆಗೆ. ಹಾಸನದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಅಂದರೆ ನಮ್ಮ ಹಿಮ್ಸ್‌ನಲ್ಲಿ, ಮಕ್ಕಳ ವಿಭಾಗ, ಚರ್ಮ ವಿಭಾಗ, ಮನೋವೈದ್ಯ ವಿಭಾಗ ಎಲ್ಲ ಒಂದೇ ಕಡೆ ಇವೆ. ರಾತ್ರಿ ಹೊತ್ತು ಏನು ಮಾಡುವುದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಾಗಿಲ್ಲ, ದಿನದ 24 ಗಂಟೆಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರನ್ನು ಮಗಳ ಫೋನಿಗೂ ಮಗನ ಫೋನಿಗೂ ಹಾಕಿಕೊಡಿ.